ಜ್ಯಾಝ್ ಬೇಸ್ ಮಂಕಾಗಿ ಕೇಳುತ್ತಿದೆ: ಪ್ರೀಆಂಪ್ ಹಾಕಿಸಲೇ, ಆ್ಯಕ್ಟಿವ್ ಬೇಸ್ ಕೊಳ್ಳಲೇ?

ದಪ್ಪತಂತಿ

ಇರುವುದು ನಾಲ್ಕು ತಂತಿಯ ಪ್ಯಾಸಿವ್ (ಬ್ಯಾಟರಿ ಇಲ್ಲದ) ಜ್ಯಾಝ್ ಬೇಸ್ ಮಾದರಿಯ ಬೇಸ್ ಗಿಟಾರ್. ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಒಂಟಿ ಸುರುಳಿ), ಎರಡು ವಾಲ್ಯೂಮ್, ಒಂದು ಟೋನ್. ನಾಬ್‌ಗಳ ಕೆಳಗಿನ ಪಾಟ್‌ಗಳೆಲ್ಲ (ತಿರುಗಿಸುವ ರೆಸಿಸ್ಟರ್) 250 ಕೆ, ಅಂದರೆ 250 ಕಿಲೋ ಓಮ್. ಬೇಸ್‌ನಿಂದ ಪೆಡಲ್‌ಬೋರ್ಡ್‌ಗೆ 10 ಮೀಟರ್ ಕೇಬಲ್. ಬೋರ್ಡಿನಲ್ಲಿ ಜರ್ಮೇನಿಯಂ ಫಝ್ (ಶಬ್ದ ಒರಟು ಮಾಡುವ ಪೆಡಲ್) ಮತ್ತು ಕಂಪ್ರೆಸರ್ (ಜೋರು-ಮೆತ್ತಗಿನ ಅಂತರ ತಗ್ಗಿಸುವ ಪೆಡಲ್), ಎರಡೂ ಟ್ರೂ ಬೈಪಾಸ್. ಅಲ್ಲಿಂದ ನೇರ ಮಿಕ್ಸರ್‌ಗೆ. ವೇದಿಕೆ ಮೇಲೆ ಬೇಸ್ ಆಂಪ್ ಇಲ್ಲ, ಪಿಎ (ಸಭಿಕರಿಗೆ ಕೇಳಿಸುವ ಧ್ವನಿವರ್ಧಕ) ಮಾತ್ರ.

ಸಮಸ್ಯೆ ಇಷ್ಟೇ: ಶಬ್ದ ಕಂಬಳಿ ಹೊದಿಸಿದ ಹಾಗೆ ಮಂಕು. ಟೋನ್ ಪೂರ್ತಿ ತೆರೆದಿದ್ದರೂ ಬೆರಳಿನ ಹೊಡೆತ, ಸ್ಲ್ಯಾಪ್‌ನ (ಹೆಬ್ಬೆರಳಲ್ಲಿ ತಂತಿ ಬಡಿಯುವುದು) ಟಣ್ ಅನ್ನುವ ಅಂಚು ಬರುವುದಿಲ್ಲ. ಅದೇ ಮಿಕ್ಸರ್‌ಗೆ ಆ್ಯಕ್ಟಿವ್ ಬೇಸ್ ಹಾಕಿದರೆ ಸ್ಪಷ್ಟವಾಗಿಯೂ ಜೋರಾಗಿಯೂ ಕೇಳುತ್ತದೆ. ಅಂಗಡಿಯಲ್ಲಿ ಕೇಳಿದರೆ "ಆ್ಯಕ್ಟಿವ್‌ನಲ್ಲಿ ಪವರ್ ಜಾಸ್ತಿ ಸರ್" ಅನ್ನುತ್ತಾರೆ.

1. ಎರಡಕ್ಕೂ ನಿಜವಾದ ವ್ಯತ್ಯಾಸ ಏನು?
2. ಇದೇ ಬೇಸ್‌ಗೆ ಪ್ರೀಆಂಪ್ (ಬೇಸ್‌ನೊಳಗೆ ಕೂತು ಬ್ಯಾಟರಿಯಿಂದ ನಡೆಯುವ ಪುಟ್ಟ ಸರ್ಕ್ಯೂಟ್) ಕೂರಿಸಿದರೆ ಸಾಕೇ? 9 ವೋಲ್ಟೋ 18 ವೋಲ್ಟೋ?
3. ನಡುವೆ ಬ್ಯಾಟರಿ ಕೈಕೊಟ್ಟರೆ ಗತಿ ಏನು?

---

ಮಂದ್ರಸ್ಥಾಯಿ

ಅಂಗಡಿಯವರ ಮಾತು ಪಕ್ಕಕ್ಕಿಡಿ. ಆ್ಯಕ್ಟಿವ್ ಅಂದರೆ ಬೇಸ್‌ನ ಹೊಟ್ಟೆಯೊಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇದೆ, ಅಷ್ಟೇ ಅರ್ಥ. ಆ ಸರ್ಕ್ಯೂಟ್ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಮೂರು ಜಾತಿ.

ಮೊದಲನೆಯದು ನಿಮ್ಮದು: ಪ್ಯಾಸಿವ್ ಪಿಕಪ್, ಪ್ಯಾಸಿವ್ ನಾಬ್. ಫೆಂಡರ್ ಕಂಪನಿಯ 1951ರ ಪ್ರಿಸಿಷನ್, 1960ರ ಜ್ಯಾಝ್ ಬೇಸ್ ಬಂದದ್ದೇ ಹೀಗೆ. ಎರಡನೆಯದು ಪ್ಯಾಸಿವ್ ಪಿಕಪ್ ಜೊತೆ ಆ್ಯಕ್ಟಿವ್ ಪ್ರೀಆಂಪ್. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಇದನ್ನು ಮನೆಮಾತು ಮಾಡಿತು, ಈಗ "ಆ್ಯಕ್ಟಿವ್ ಬೇಸ್" ಅಂತ ಮಾರುವವುಗಳಲ್ಲಿ ಬಹುಪಾಲು ಇದೇ ಜಾತಿ. ಮೂರನೆಯದು ಇಎಂಜಿ ಕಂಪನಿಯದರ ಥರದ ಆ್ಯಕ್ಟಿವ್ ಪಿಕಪ್: ಕಡಿಮೆ ಇಂಪೀಡೆನ್ಸಿನ (ಸಿಗ್ನಲ್‌ಗೆ ಎದುರಾಗುವ ಒಟ್ಟು ಅಡ್ಡಿ) ಸುರುಳಿ, ಅದರ ಪಕ್ಕದಲ್ಲೇ ಪುಟ್ಟ ಆಂಪ್ಲಿಫೈಯರ್, ಎರಡೂ ಒಂದೇ ಡಬ್ಬಿಯಲ್ಲಿ ಎಪಾಕ್ಸಿ ಹಾಕಿ ಮುಚ್ಚಿರುತ್ತವೆ. ಇದಕ್ಕೆ ಪಾಟ್ 25 ಕೆ ಇರಬೇಕು. ನಿಮ್ಮ ಹಳೆಯ 250 ಕೆ ಪಾಟ್‌ಗಳನ್ನೇ ಉಳಿಸಿಕೊಂಡರೆ ವಾಲ್ಯೂಮ್ ನಾಬ್ ಲೈಟಿನ ಸ್ವಿಚ್ ಹಾಗೆ ವರ್ತಿಸುತ್ತದೆ. ಬ್ಯಾಟರಿ ಸತ್ತರೆ ಪಿಕಪ್ಪೇ ಸತ್ತ ಹಾಗೆ, ಪ್ಯಾಸಿವ್‌ಗೆ ತಿರುಗಿಸುವ ದಾರಿಯೇ ಇಲ್ಲ.

ಈಗ ಮಂಕು ಯಾಕೆ ಅನ್ನುವುದು. ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು. ಆ ಸುರುಳಿಯ ಇಂಡಕ್ಟೆನ್ಸ್ ಕೇಬಲ್‌ನ ಕೆಪಾಸಿಟೆನ್ಸ್ ಜೊತೆ ಸೇರಿ ಒಂದು ಫಿಲ್ಟರ್ ಆಗುತ್ತದೆ. ಒಂದು ಆವರ್ತನದ ಹತ್ತಿರ ಶಬ್ದ ಸ್ವಲ್ಪ ಉಬ್ಬುತ್ತದೆ, ಅದರಾಚೆ ಕಡಿದಾಗಿ ಇಳಿಯುತ್ತದೆ. ಲೆಕ್ಕಕ್ಕೆ ಒಂದು ಪಿಕಪ್ 4 ಹೆನ್ರಿ, ಅದರ ಸ್ವಂತ ಕೆಪಾಸಿಟೆನ್ಸ್ 200 ಪಿಕೋಫ್ಯಾರಡ್, ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಅಂತ ಇಟ್ಟುಕೊಳ್ಳಿ:

10 ಮೀಟರ್ ಕೇಬಲ್: ಉಬ್ಬು ಸುಮಾರು 2.3 ಕಿಲೋಹರ್ಟ್ಝ್‌ನಲ್ಲಿ
5 ಮೀಟರ್: 3 ಕಿಲೋಹರ್ಟ್ಝ್
ಕೇಬಲ್‌ಗೂ ಮೊದಲೇ ಬೇಸ್‌ನೊಳಗೆ ಪ್ರೀಆಂಪ್ ಇದ್ದರೆ: 5.6 ಕಿಲೋಹರ್ಟ್ಝ್

ಸ್ಲ್ಯಾಪ್‌ನ ಟಣ್, ಫ್ರೆಟ್ಟಿಗೆ ತಂತಿ ತಾಗುವ ಸದ್ದು ಎಲ್ಲ ಇರುವುದು 2ರಿಂದ 5 ಕಿಲೋಹರ್ಟ್ಝ್ ನಡುವೆಯೇ. ಆ್ಯಕ್ಟಿವ್ ಬೇಸ್‌ನ ಇಕ್ಯೂ ನಾಬ್‌ಗಳನ್ನೆಲ್ಲ (ತಗ್ಗು, ಎತ್ತರದ ಆವರ್ತನಗಳನ್ನು ಏರಿಳಿಸುವವು) ನಡುಗಚ್ಚಿನಲ್ಲಿ, ಅಂದರೆ ಏರಿಸದೆ ಇಳಿಸದೆ, ಇಟ್ಟರೂ ಅದು ಬೇರೆ ಥರ ಕೇಳುವುದು ಇದಕ್ಕೇ. ಪ್ರೀಆಂಪ್ ಏನನ್ನೂ ಸೇರಿಸುತ್ತಿಲ್ಲ, ಕೇಬಲ್ ತಿಂದುಹಾಕುತ್ತಿದ್ದದ್ದನ್ನು ಉಳಿಸುತ್ತಿದೆ.

ವಾಲ್ಯೂಮ್ ತಗ್ಗಿಸಿ ನುಡಿಸುವ ಅಭ್ಯಾಸ ಇದ್ದರೆ ಇನ್ನೂ ಕಷ್ಟ. ಎರಡೂ ಪಾಟ್ ಅರ್ಧ ಪ್ರತಿರೋಧದಲ್ಲಿದ್ದಾಗ, ಅಂದರೆ ಆಡಿಯೋ ಟೇಪರ್ (ಕಿವಿಯ ಅಳತೆಗೆ ತಕ್ಕ ಹಾಗೆ ಏರುವ) ಪಾಟಿನಲ್ಲಿ ನಾಬ್ ಏಳು-ಎಂಟರ ಹತ್ತಿರ ಇದ್ದಾಗ, ಬೇಸ್‌ನ ಔಟ್‌ಪುಟ್ ಇಂಪೀಡೆನ್ಸ್ 65 ಕಿಲೋ ಓಮ್ ಮುಟ್ಟುತ್ತದೆ. 10 ಮೀಟರ್ ಕೇಬಲ್ ಜೊತೆ ಅದು 2.4 ಕಿಲೋಹರ್ಟ್ಝ್‌ನಿಂದಲೇ ಟ್ರೆಬಲ್ (ಮೇಲಿನ ಆವರ್ತನ) ಕತ್ತರಿಸುತ್ತದೆ. ಉಬ್ಬೂ ಮಾಯ. ಪ್ಯಾಸಿವ್ ಬೇಸ್ ಇದ್ದವರು ವಾಲ್ಯೂಮ್ ಪೂರ್ತಿ ತೆರೆದು, ಜೋರನ್ನು ಮಿಕ್ಸರ್‌ನಲ್ಲಿ ತಗ್ಗಿಸಬೇಕು.

ಹಾಗಂತ ಪ್ಯಾಸಿವ್ ಹಳತು, ಆ್ಯಕ್ಟಿವ್ ಹೊಸತು ಅನ್ನುವ ಲೆಕ್ಕ ಬೇಡ. ಹೆಸರಾಂತ ಬೇಸ್ ವಾದಕರಲ್ಲಿ ಜೇಮ್ಸ್ ಜೇಮರ್ಸನ್, ಜ್ಯಾಕೋ ಪಾಸ್ಟೋರಿಯಸ್ ಇಬ್ಬರ ಕೈಯಲ್ಲಿ ಇದ್ದದ್ದೂ ಪ್ಯಾಸಿವ್. ಸ್ಟ್ಯಾನ್ಲಿ ಕ್ಲಾರ್ಕ್ ಹಿಡಿದದ್ದು ಆ್ಯಕ್ಟಿವ್ ಅಲೆಂಬಿಕ್. ಮಾರ್ಕಸ್ ಮಿಲ್ಲರ್ 1977ರ ಮಾಮೂಲಿ ಜ್ಯಾಝ್ ಬೇಸ್‌ಗೆ ಗಿಟಾರ್ ತಯಾರಕ ರೋಜರ್ ಸಡೋವ್‌ಸ್ಕಿ ಕೈಯಲ್ಲಿ ಪ್ರೀಆಂಪ್ ಹಾಕಿಸಿಕೊಂಡವರು, ಅಂದರೆ ನೀವು ಕೇಳುತ್ತಿರುವ ಕೆಲಸವೇ.

ಪ್ಯಾಸಿವ್ ಟೋನ್ ನಾಬ್ ಮಾಡುವ ಒಂದು ಕೆಲಸ ಆ್ಯಕ್ಟಿವ್ ಟ್ರೆಬಲ್ ನಾಬ್‌ಗೆ ಬರುವುದಿಲ್ಲ. ಟೋನ್ ಪೂರ್ತಿ ಮುಚ್ಚಿದಾಗ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ನೇರ ಪಿಕಪ್ ಮೇಲೆ ಬೀಳುತ್ತದೆ, ಉಬ್ಬು 370 ಹರ್ಟ್ಝ್ ಹತ್ತಿರಕ್ಕೆ ಇಳಿಯುತ್ತದೆ. ರೆಗ್ಗೇಯಲ್ಲಿ ಕೇಳುವ ಆ ಗುಂಡನೆಯ ದುಂ ಅಲ್ಲಿಂದ ಬರುವುದು. ಆ್ಯಕ್ಟಿವ್ ಟ್ರೆಬಲ್ ಕಟ್ ಮೇಲಿನದನ್ನು ಇಳಿಸುತ್ತದೆ ಅಷ್ಟೇ, ಉಬ್ಬನ್ನು ಕೆಳಕ್ಕೆ ತರುವುದಿಲ್ಲ.

---

ಸೌಂಡ್‌ಬಾಕ್ಸ್

ಕೇಬಲ್ ಲೆಕ್ಕ ಸರಿ, ಆದರೆ ನನಗೆ ಅನುಮಾನ ಇರುವುದು ಕೇಬಲ್‌ನ ಇನ್ನೊಂದು ತುದಿ ಮೇಲೆ. ಮಿಕ್ಸರ್‌ನ ಯಾವ ತೂತಿಗೆ ಚುಚ್ಚುತ್ತಿದ್ದೀರಿ? "ನೇರ ಮಿಕ್ಸರ್" ಅಂದರೆ ಸಾಮಾನ್ಯವಾಗಿ ಲೈನ್ ಇನ್‌ಪುಟ್. ಅದರ ಇಂಪೀಡೆನ್ಸ್ 10ರಿಂದ 20 ಕಿಲೋ ಓಮ್. ಕೀಬೋರ್ಡ್‌ಗೆ ಧಾರಾಳ ಸಾಕು, ಪ್ಯಾಸಿವ್ ಪಿಕಪ್‌ಗೆ ಕತ್ತು ಹಿಸುಕಿದ ಹಾಗೆ.

4 ಹೆನ್ರಿ, 8 ಕಿಲೋ ಓಮ್ ಪಿಕಪ್ಪನ್ನು 10 ಕಿಲೋ ಓಮ್ ಇನ್‌ಪುಟ್‌ಗೆ ಹಾಕಿದರೆ ಟ್ರೆಬಲ್ ಸುಮಾರು 700 ಹರ್ಟ್ಝ್‌ನಿಂದಲೇ ಬೀಳಲು ಶುರು. ಎರಡೂ ಪಿಕಪ್ ತೆರೆದಿದ್ದರೆ 1,100 ಹರ್ಟ್ಝ್. ಜೊತೆಗೆ ಒಂದೇ ಪಿಕಪ್ ಇದ್ದಾಗ ಜೋರಿನಲ್ಲಿ 5 ಡೆಸಿಬೆಲ್ ಸೋರಿಹೋಗುತ್ತದೆ. ಇದರ ಮುಂದೆ ಕೇಬಲ್‌ನ 2.3 ಕಿಲೋಹರ್ಟ್ಝ್ ಏನೂ ಅಲ್ಲ. ಆ್ಯಕ್ಟಿವ್ ಬೇಸ್ ಅದೇ ತೂತಿನಲ್ಲಿ ಚೆನ್ನಾಗಿ ಕೇಳುವುದು ಅದರ ಔಟ್‌ಪುಟ್ ಇಂಪೀಡೆನ್ಸ್ ಒಂದೆರಡು ಕಿಲೋ ಓಮ್‌ಗಿಂತ ಕೆಳಗಿರುವುದರಿಂದ. ಅದಕ್ಕೆ 10 ಕಿಲೋ ಓಮ್ ಭಾರವೇ ಅಲ್ಲ.

ಖರ್ಚಿಲ್ಲದ ಪರೀಕ್ಷೆ: ನಿಮ್ಮ ಕಂಪ್ರೆಸರನ್ನು ಆನ್ ಮಾಡಿ, ಕಂಪ್ರೆಷನ್ ನಾಬ್ ಸೊನ್ನೆಗೆ ತನ್ನಿ, ಲೆವೆಲ್ ಅನ್ನು ಬೈಪಾಸ್‌ಗೆ ಸಮ ಮಾಡಿಕೊಳ್ಳಿ. ಈಗ ಆನ್-ಆಫ್ ಮಾಡಿ ಕೇಳಿ. ಆನ್ ಆದಾಗ ಬೇಸ್‌ಗೆ ಕಳೆ ಬಂದರೆ ರೋಗ ಪಿಕಪ್‌ನದಲ್ಲ, ಲೈನ್ ಇನ್‌ಪುಟ್‌ನದು. ಟ್ರೂ ಬೈಪಾಸ್ ಪೆಡಲ್‌ಗಳು ಆಫ್ ಆದಾಗ ಬರೀ ತಂತಿ, ಬಫರ್ (ಪಿಕಪ್ ಮೇಲೆ ಭಾರ ಬೀಳದಂತೆ ಸಿಗ್ನಲ್ ದಾಟಿಸುವ ಸರ್ಕ್ಯೂಟ್) ಕೆಲಸ ಮಾಡುವುದಿಲ್ಲ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ.

ಪರಿಹಾರ ಡಿಐ ಬಾಕ್ಸ್, ಅಂದರೆ ವಾದ್ಯದ ಸಿಗ್ನಲನ್ನು ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ಹೊಂದಿಸುವ ಡಬ್ಬಿ. ಇಲ್ಲಿಯೂ ಆ್ಯಕ್ಟಿವ್, ಪ್ಯಾಸಿವ್ ಅಂತ ಎರಡಿವೆ. ಗೊಂದಲ ಮಾಡಿಕೊಳ್ಳಬೇಡಿ, ಅಡ್ಡಡ್ಡ ಜೋಡಿ ಒಳ್ಳೆಯದು: ಪ್ಯಾಸಿವ್ ಬೇಸ್‌ಗೆ ಆ್ಯಕ್ಟಿವ್ ಡಿಐ, ಆ್ಯಕ್ಟಿವ್ ಬೇಸ್‌ಗೆ ಪ್ಯಾಸಿವ್ ಡಿಐ ಸಾಕು. ಆ್ಯಕ್ಟಿವ್ ಡಿಐ ಇನ್‌ಪುಟ್ 1 ಮೆಗಾ ಓಮ್ ಅಥವಾ ಮೇಲೆ ಇರುತ್ತದೆ. ಮಿಕ್ಸರ್‌ನ 48 ವೋಲ್ಟ್ ಫ್ಯಾಂಟಮ್ (ಮೈಕ್ ಕೇಬಲ್ ಮೂಲಕವೇ ವಿದ್ಯುತ್ ಕಳಿಸುವ ಸ್ವಿಚ್) ಒತ್ತಬೇಕು, ಇಲ್ಲದಿದ್ದರೆ ಡಿಐಗೆ ಬ್ಯಾಟರಿ. ಟ್ರಾನ್ಸ್‌ಫಾರ್ಮರ್ ಇರುವ ಒಳ್ಳೆಯ ಪ್ಯಾಸಿವ್ ಡಿಐಗಳ ಇನ್‌ಪುಟ್ 140 ಕಿಲೋ ಓಮ್ ಆಸುಪಾಸು, ಅಗ್ಗದವು ಇನ್ನೂ ಕೆಳಗೆ. ಗುಂಯ್ ಅಂದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಮನೆಯಲ್ಲಿ ಆಡಿಯೋ ಇಂಟರ್‌ಫೇಸ್‌ಗೆ ರೆಕಾರ್ಡ್ ಮಾಡುವಾಗಲೂ ಇದೇ ಮಾತು, ಇನ್‌ಸ್ಟ್ರುಮೆಂಟ್ ಸ್ವಿಚ್ ಒತ್ತದೆ ಲೈನ್‌ನಲ್ಲೇ ಬಿಟ್ಟರೆ ಇದೇ ಮಂಕು.

ಆ್ಯಕ್ಟಿವ್ ಬೇಸ್ ತರುವವರಿಗೆ ಡೆಸ್ಕಿನ ಹಿಂದಿನಿಂದ ಒಂದು ಮನವಿ. ಬೇಸ್ ನಾಬ್ ಇದೆ ಅಂತ ತಗ್ಗಿನ ಆವರ್ತನ ಪೂರ್ತಿ ಏರಿಸಿಕೊಂಡು ಬರಬೇಡಿ. ಬಹಳಷ್ಟು ಪ್ರೀಆಂಪ್‌ಗಳ ಬೇಸ್ ನಾಬ್ 40 ಹರ್ಟ್ಝ್ ಸುತ್ತ ಎತ್ತುತ್ತದೆ. ದಪ್ಪ ಇ ತಂತಿ ಬಿಡಿಯಾಗಿ ನುಡಿದರೆ 41 ಹರ್ಟ್ಝ್, ಐದು ತಂತಿಯ ಬೇಸ್‌ನ ಬಿ 31 ಹರ್ಟ್ಝ್. ಗಣೇಶನ ಪೆಂಡಾಲಿನಲ್ಲಿ ಸಬ್ (ತಗ್ಗು ಸದ್ದಿನ ಸ್ಪೀಕರ್) ಇಲ್ಲದೆ ಎರಡು ಟಾಪ್ ಬಾಕ್ಸ್ ನಿಲ್ಲಿಸಿದ್ದರೆ ಆ 40 ಹರ್ಟ್ಝ್ ಜನರಿಗೆ ಕೇಳುವುದೇ ಇಲ್ಲ. ಆಂಪ್‌ನ ಶಕ್ತಿ ತಿನ್ನುತ್ತದೆ, ಸ್ಪೀಕರ್ ಕೋನ್ ಒದ್ದಾಡುತ್ತದೆ, ಜೊತೆಗೆ ಹಾಡುವವರ ಧ್ವನಿಯನ್ನೂ ಕೆಸರು ಮಾಡುತ್ತದೆ. ಬೇಸ್ "ಕೇಳಿಸಬೇಕು" ಅಂದರೆ 250ರಿಂದ 800 ಹರ್ಟ್ಝ್ ಬೇಕು. ಮಿಡ್ ನಾಬ್ ಇದ್ದರೆ ಅಲ್ಲಿ ಎರಡು ಮೂರು ಡೆಸಿಬೆಲ್ ಏರಿಸಿ, ಬೇಸ್ ನಾಬ್ ನಡುಗಚ್ಚಿನಲ್ಲೇ ಇರಲಿ.

---

ದಪ್ಪತಂತಿ

ಹೌದು, ಲೈನ್ ಇನ್‌ಪುಟ್‌ಗೇ ಹಾಕುತ್ತಿದ್ದದ್ದು. ಕಂಪ್ರೆಸರ್ ಆನ್ ಮಾಡಿದರೆ ವ್ಯತ್ಯಾಸ ಸ್ಪಷ್ಟ, ಹಗಲು-ರಾತ್ರಿ ಅನ್ನುವಷ್ಟು. ಡಿಐ ತಗೊಳ್ಳುತ್ತೇನೆ. ಆದರೂ ಬೇಸ್ ಮೇಲೇ ಇಕ್ಯೂ ಇರಬೇಕು ಅನ್ನುವ ಆಸೆ ಇದೆ, ಮರ ಕೊರೆಯದೆ ಪ್ರೀಆಂಪ್ ಕೂರಿಸಲು ಆಗುತ್ತದೆಯೇ? ವೈರಿಂಗ್ ನಾನೇ ಮಾಡಬಲ್ಲೆ.

---

ಬೆಸುಗೆ ಭಟ್ಟ

ಆಗತ್ತೆ. ಮೊದಲು ಜಾಗ ಅಳೀರಿ. 9 ವೋಲ್ಟ್ ಬ್ಯಾಟರಿ 48 ಮಿ.ಮೀ. ಉದ್ದ, 26 ಅಗಲ, 17 ದಪ್ಪ. ಜ್ಯಾಝ್ ಬೇಸ್‌ನ ಕಂಟ್ರೋಲ್ ಪ್ಲೇಟ್ ಬಿಚ್ಚಿದರೆ ಮರದಲ್ಲಿ ಕೊರೆದ ಗುಂಡಿ ಉದ್ದಕ್ಕಿರುತ್ತೆ, ಕಿರಿದು. ಪಾಟ್‌ಗಳ ಕೆಳಗೆ ಬ್ಯಾಟರಿ ಮಲಗುತ್ತಾ ಅಂತ ರಟ್ಟಿನಲ್ಲಿ ಅದೇ ಅಳತೆಯ ಡಬ್ಬಿ ಮಾಡಿ ಇಟ್ಟು, ಪ್ಲೇಟ್ ಮುಚ್ಚಿ ನೋಡಿ. ಪೂರ್ಣ ಗಾತ್ರದ ಪಾಟ್ ಬದಲು 16 ಮಿ.ಮೀ. ಪುಟ್ಟ ಪಾಟ್ ಹಾಕಿದರೆ ಎಷ್ಟೋ ಸಲ ಕೂರುತ್ತೆ. ಕೂರಲಿಲ್ಲ ಅಂದ್ರೆ ಹಿಂಬದಿ ಬ್ಯಾಟರಿ ಬಾಕ್ಸಿಗೆ ಮರ ಕೊರೆಸಲೇಬೇಕು, ಒತ್ತಿ ತುರುಕೋಕೆ ಹೋಗಬೇಡಿ.

ಬೇಕಾದ ಸಾಮಾನು: ಎರಡು ಬ್ಯಾಂಡಿನ ಪ್ರೀಆಂಪ್ ಬೋರ್ಡ್, ಸ್ಟೀರಿಯೋ ಜ್ಯಾಕ್, ಬ್ಯಾಟರಿ ಕ್ಲಿಪ್, ಆ್ಯಕ್ಟಿವ್-ಪ್ಯಾಸಿವ್ ಬದಲಿಸಲು ಎರಡು ಪೋಲ್ ಎರಡು ಥ್ರೋ ಸ್ವಿಚ್ (ಎಳೆದರೆ ಬದಲಾಗುವ ಪಾಟ್ ಸಿಕ್ಕರೆ ಹೊಸ ತೂತು ಬೇಡ), 1 ಮೆಗಾ ಓಮ್ ರೆಸಿಸ್ಟರ್ ಎರಡು, ತಾಮ್ರದ ಟೇಪ್, ತೆಳು ಫೋಮ್. ಪ್ರೀಆಂಪ್ ಬಿಟ್ಟು ಉಳಿದದ್ದಕ್ಕೆ ಬೆಂಗಳೂರಲ್ಲಿ ಎಸ್.ಪಿ. ರೋಡ್ ಒಂದು ಸುತ್ತು ಹಾಕಿದರೆ ಸಾಕು.

ನಾಬ್‌ಗಳ ಹಂಚಿಕೆ ಹೀಗೆ ಮಾಡಿ: ಒಂದನೇ ತೂತಿಗೆ ಜೋಡಿ ನಾಬ್, ಮೇಲಿನದು ವಾಲ್ಯೂಮ್, ಕೆಳಗಿನದು ಬ್ಲೆಂಡ್ (ಎರಡು ಪಿಕಪ್‌ಗಳನ್ನ ಬೆರೆಸೋದು). ಎರಡನೇ ತೂತಿಗೆ ಪ್ಯಾಸಿವ್ ಟೋನ್. ಅದನ್ನು ತೆಗೀಬೇಡಿ, ಮೇಲೆ ಹೇಳಿದ 370 ಹರ್ಟ್ಝ್ ದುಂ ಉಳೀಬೇಕು. ಮೂರನೇ ತೂತಿಗೆ ಜೋಡಿ ನಾಬ್, ಟ್ರೆಬಲ್ ಮತ್ತು ಬೇಸ್. ವಾಲ್ಯೂಮ್, ಬ್ಲೆಂಡ್, ಟೋನ್ ಮೂರೂ 250 ಕೆ, ಮೂರೂ ಪ್ರೀಆಂಪ್‌ಗಿಂತ ಮೊದಲು ಬರಲಿ. ಆಗ ಬ್ಯಾಟರಿ ಸತ್ತರೂ ಸ್ವಿಚ್ ಎಳೆದು ವಾಲ್ಯೂಮು, ಟೋನು ಸಮೇತ ಹಾಡು ಮುಗಿಸಬಹುದು. ನಿಮ್ಮ ಮೂರನೇ ಪ್ರಶ್ನೆಗೆ ಇದೇ ಉತ್ತರ. ಹಳೇ ಸ್ಟಿಂಗ್‌ರೇ ಥರದ ಬೇಸ್‌ಗಳಲ್ಲಿ ಈ ಸ್ವಿಚ್ಚೇ ಇಲ್ಲ, ಬ್ಯಾಟರಿ ಹೋದರೆ ಪೂರ್ತಿ ಮೌನ.

ಕಳಚೋಕೆ ಮೊದಲು ಎಲ್ಲಾ ಬೆಸುಗೆಗಳ ಫೋಟೋ ತೆಗೆದಿಡಿ. ಆಮೇಲೆ ಗುಂಡಿಗೆ ತಾಮ್ರದ ಟೇಪ್ ಹಚ್ಚಿ. ಟೇಪಿನ ತುಂಡು ಒಂದರ ಮೇಲೊಂದು ಬಂದ ಕಡೆ ಬೆಸುಗೆಯ ಚುಕ್ಕೆ ಇಟ್ಟು ಜೋಡಿಸಿ. ಮಲ್ಟಿಮೀಟರಲ್ಲಿ ಯಾವ ಮೂಲೆಯಿಂದ ಯಾವ ಮೂಲೆಗೆ ಅಳೆದರೂ 1 ಓಮ್ ಒಳಗೆ ಬರಬೇಕು. ಟೇಪಿನಿಂದ ಗ್ರೌಂಡ್‌ಗೆ ಒಂದೇ ವೈರ್.

ಜ್ಯಾಕ್‌ನಲ್ಲೇ ಜನ ಎಡವೋದು. ಸ್ಟೀರಿಯೋ ಜ್ಯಾಕ್‌ಗೆ ಮೂರು ಕಾಲು: ಟಿಪ್, ರಿಂಗ್, ಸ್ಲೀವ್. ಯಾವುದು ಯಾವುದು ಅಂತ ಕಣ್ಣಲ್ಲಿ ಊಹಿಸಬೇಡಿ. ಮೋನೋ ಪ್ಲಗ್ (ಮಾಮೂಲಿ ಗಿಟಾರ್ ಕೇಬಲ್‌ನದು) ಚುಚ್ಚಿ ಮೀಟರಿನ ಬೀಪ್ ಇಟ್ಟು ನೋಡಿ, ಚುಚ್ಚಿದಾಗ ಮಾತ್ರ ಒಂದಾಗೋ ಎರಡು ಕಾಲು ರಿಂಗ್ ಮತ್ತು ಸ್ಲೀವ್. ಇನ್ನು ಜೋಡಣೆ:

ಪ್ರೀಆಂಪ್ ಔಟ್‌ಪುಟ್, ಸ್ವಿಚ್ ಮೂಲಕ: ಟಿಪ್‌ಗೆ
ಬ್ಯಾಟರಿಯ ಕಪ್ಪು ವೈರ್: ರಿಂಗ್‌ಗೆ
ಪ್ರೀಆಂಪ್ ಗ್ರೌಂಡ್, ಬ್ರಿಜ್ ಗ್ರೌಂಡ್, ಟೇಪ್: ಸ್ಲೀವ್‌ಗೆ
ಬ್ಯಾಟರಿಯ ಕೆಂಪು ವೈರ್: ಪ್ರೀಆಂಪ್‌ನ ಪ್ಲಸ್‌ಗೆ

ಮೋನೋ ಪ್ಲಗ್ ಒಳಗೆ ಹೋದಾಗ ಅದರ ಉದ್ದನೆಯ ಸ್ಲೀವ್ ರಿಂಗನ್ನೂ ಮುಟ್ಟಿ ಬ್ಯಾಟರಿಯ ದಾರಿ ಪೂರ್ತಿಯಾಗತ್ತೆ. ಕಪ್ಪು ವೈರನ್ನ ಸ್ಲೀವ್‌ಗೇ ಹಾಕಿದರೆ ಬೇಸ್ ಚೆನ್ನಾಗೇ ನುಡಿಯತ್ತೆ, ಆದರೆ ಬ್ಯಾಗಲ್ಲಿ ಮಲಗಿರುವಾಗಲೂ ಬ್ಯಾಟರಿ ಖರ್ಚಾಗ್ತಾ ಇರತ್ತೆ. "ಹೊಸ ಬ್ಯಾಟರಿ ತಿಂಗಳೂ ಬರಲ್ಲ" ಅನ್ನೋ ದೂರಿಗೆ ಹೆಚ್ಚಿನ ಸಲ ಇದು ಕಾರಣ, ಇಲ್ಲ ಅಂದ್ರೆ ನುಡಿಸಿದ ಮೇಲೆ ಕೇಬಲ್ ಕಿತ್ತಿಡದೇ ಇರೋದು. ಇನ್ನೊಂದು ತಮಾಷೆ: ಸ್ಟೀರಿಯೋ ಪ್ಲಗ್ ಇರೋ ಕೇಬಲ್ ಹಾಕಿದರೆ ರಿಂಗೂ ಸ್ಲೀವೂ ಒಂದಾಗಲ್ಲ, ಬೇಸ್ ಉಸಿರೇ ಎತ್ತಲ್ಲ. ಪ್ರೀಆಂಪ್ ಸುಟ್ಟಿದೆ ಅಂತ ಬಿಚ್ಚೋ ಮೊದಲು ಕೇಬಲ್ ನೋಡಿ.

ಸ್ವಿಚ್ ಬದಲಿಸುವಾಗ ಪಿಎ ತುಂಬಾ ಟಪ್ ಅನ್ನದಿರಲು ಪ್ರೀಆಂಪ್‌ನ ಇನ್‌ಪುಟ್, ಔಟ್‌ಪುಟ್ ಎರಡರಿಂದಲೂ ಗ್ರೌಂಡ್‌ಗೆ ಒಂದೊಂದು 1 ಮೆಗಾ ಓಮ್ ರೆಸಿಸ್ಟರ್.

ಬೆಸುಗೆಗೆ 30ರಿಂದ 40 ವ್ಯಾಟ್ ಕಡ್ಡಿ. ಪಾಟಿನ ಬೆನ್ನಿಗೆ ಹಾಕುವಾಗ ಮೊದಲು ಉಪ್ಪುಕಾಗದದಲ್ಲಿ ಉಜ್ಜಿ, ಇಲ್ಲದಿದ್ದರೆ ತವರ ಹಿಡಿಯಲ್ಲ. ನಾಲ್ಕು ಸೆಕೆಂಡಲ್ಲಿ ಹಿಡೀಲಿಲ್ಲ ಅಂದ್ರೆ ಬಿಟ್ಟು ಆರೋಕೆ ಬಿಡಿ. ಕಾಯಿಸ್ತಾನೇ ಇದ್ದರೆ ಒಳಗಿನ ಇಂಗಾಲದ ಪಟ್ಟಿ ಕೆಟ್ಟು ನಾಬ್ ತಿರುಗಿಸಿದಾಗಲೆಲ್ಲ ಕರಕರ ಅನ್ನತ್ತೆ.

ಎಲ್ಲಾ ಆದಮೇಲೆ ಬ್ಯಾಟರಿಗೆ ಫೋಮ್ ಸುತ್ತಿ. ಅದರ ಮೈ ಲೋಹ, ತುದಿಗಳು ತಾಮ್ರದ ಟೇಪಿಗೆ ತಾಗಿದರೆ ಶಾರ್ಟ್. ಬ್ಯಾಟರಿ ಹಾಕುವಾಗ ಕ್ಲಿಪ್ಪನ್ನು ತಿರುಗಿಸಿ ಒಮ್ಮೆ ಮುಟ್ಟಿಸಿದರೂ ರಕ್ಷಣೆಯ ಡಯೋಡ್ ಇಲ್ಲದ ಬೋರ್ಡ್ ಹೋಯ್ತು ಅಂತಲೇ ಲೆಕ್ಕ, ಕತ್ತಲೆಯಲ್ಲಿ ತಡಕಾಡಿ ಹಾಕಬೇಡಿ.

ಕೊನೇ ಪರೀಕ್ಷೆ: ಮೀಟರನ್ನ ಮಿಲಿಆಂಪ್‌ನಲ್ಲಿಟ್ಟು ಬ್ಯಾಟರಿ ಜೊತೆ ಸರಣಿಯಲ್ಲಿ ಹಾಕಿ. ಪ್ಲಗ್ ಇಲ್ಲದಾಗ ಸೊನ್ನೆ ಬರಬೇಕು. ಪ್ಲಗ್ ಚುಚ್ಚಿದಾಗ ಬೋರ್ಡ್ ನೋಡಿಕೊಂಡು 0.2ರಿಂದ 2 ಮಿಲಿಆಂಪ್. ಆಲ್ಕಲೈನ್ 9 ವೋಲ್ಟ್ ಸುಮಾರು 500 ಮಿಲಿಆಂಪ್-ಗಂಟೆ ಕೊಡತ್ತೆ, ಅಂದರೆ 1 ಮಿಲಿಆಂಪ್ ತಿನ್ನೋ ಪ್ರೀಆಂಪ್ 500 ಗಂಟೆ ಓಡತ್ತೆ. ರೀಚಾರ್ಜ್ ಆಗೋ ನಿಕ್ಕಲ್ ಬ್ಯಾಟರಿ 8.4 ವೋಲ್ಟ್, 200 ಮಿಲಿಆಂಪ್-ಗಂಟೆ, ನಡೆಯತ್ತೆ. ಒಳಗೆ ಕನ್ವರ್ಟರ್ ಇರೋ ಲಿಥಿಯಂ 9 ವೋಲ್ಟ್ ಬೇಡ, ಕೆಲವು ಸೀಟಿ ಥರ ಸದ್ದು ಬೆರೆಸ್ತವೆ.

18 ವೋಲ್ಟ್ ಬಗ್ಗೆ: ಜೋರು ಜಾಸ್ತಿಯಾಗತ್ತೆ.

---

ಮಂದ್ರಸ್ಥಾಯಿ

ಭಟ್ರೇ, ವೈರಿಂಗ್ ಪಾಠ ಅಚ್ಚುಕಟ್ಟು, ಕೊನೆಯ ಸಾಲು ಮಾತ್ರ ತಿದ್ದಬೇಕು. 18 ವೋಲ್ಟ್‌ನಿಂದ ಗೇನ್ ಏರುವುದಿಲ್ಲ, ಮೆತ್ತಗೆ ನುಡಿಸಿದರೆ ಎರಡೂ ಒಂದೇ ಜೋರು. ಏರುವುದು ಹೆಡ್‌ರೂಮ್ (ಶಬ್ದ ಒಡೆಯುವ ಮೊದಲು ಸಿಗ್ನಲ್‌ಗೆ ಇರುವ ಜಾಗ), 6 ಡೆಸಿಬೆಲ್‌ನಷ್ಟು.

9 ವೋಲ್ಟ್ ಸರ್ಕ್ಯೂಟಿನಲ್ಲಿ ಸಿಗ್ನಲ್ ನಡುವಿನ 4.5 ವೋಲ್ಟ್ ಸುತ್ತ ಆಡುತ್ತದೆ, ಅತ್ತಿತ್ತ 3.5ರಿಂದ 4 ವೋಲ್ಟ್‌ಗಿಂತ ಹೆಚ್ಚು ಜಾಗ ಇಲ್ಲ. ಗಟ್ಟಿ ಸ್ಲ್ಯಾಪ್‌ನಲ್ಲಿ ಪಿಕಪ್ ಒಂದು ಕ್ಷಣಕ್ಕೆ 1 ವೋಲ್ಟ್ ಕೊಟ್ಟಿತು ಅನ್ನಿ. ಬೇಸ್ ನಾಬ್ 12 ಡೆಸಿಬೆಲ್ ಏರಿಸಿದರೆ ಅದು ನಾಲ್ಕು ಪಟ್ಟು, 4 ವೋಲ್ಟ್. ತಲೆ ಚಾವಣಿಗೆ ತಾಗಿತು, ಶಬ್ದ ಒಡೆಯಿತು. ಬ್ಯಾಟರಿ 7 ವೋಲ್ಟ್‌ಗೆ ಇಳಿದಾಗ ಜಾಗ ಇನ್ನೂ ಕಿರಿದು. ಅದಕ್ಕೇ ಸಾಯುತ್ತಿರುವ ಬ್ಯಾಟರಿ ಮೊದಲು ತಿಳಿಯುವುದು ಗಟ್ಟಿ ಹೊಡೆತದಲ್ಲಿ, ದಪ್ಪ ತಂತಿಯಲ್ಲಿ: ಟಪ್ಪೆಂದು ಒಡೆದ ಸದ್ದು. ಹೊಸ ಆಲ್ಕಲೈನ್ 9.5 ವೋಲ್ಟ್ ತೋರಿಸುತ್ತದೆ. ಸರ್ಕ್ಯೂಟ್ ಓಡುತ್ತಿರುವಾಗ ಅಳೆದು 7.5 ಕಂಡರೆ ಬದಲಿಸಿ, ಪೂರ್ತಿ ಸಾಯುವವರೆಗೆ ಕಾಯಬೇಡಿ.

ನಾಬ್‌ಗಳನ್ನು ಮೂರು-ನಾಲ್ಕು ಡೆಸಿಬೆಲ್ ಒಳಗೆ ಆಡಿಸುವವರಿಗೆ 9 ವೋಲ್ಟ್ ಧಾರಾಳ. ನಿಮ್ಮ ಗುಂಡಿಯಲ್ಲಿ ಒಂದು ಬ್ಯಾಟರಿಗೇ ಜಾಗ ಹುಡುಕುತ್ತಿದ್ದೀರಿ, ಎರಡರ ಮಾತು ಬಿಡಿ. ಹಾಕಲೇಬೇಕು ಅನ್ನುವವರು ಬೋರ್ಡಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಮೇಲೆ ಬರೆದಿರುವ ವೋಲ್ಟ್ ಓದಬೇಕು. 16 ವೋಲ್ಟ್ ಅಂತ ಇದ್ದರೆ 18 ಕೊಡಬಾರದು. ತಯಾರಕರು 18ಕ್ಕೆ ಒಪ್ಪಿದ್ದಾರೆಯೇ ಅನ್ನುವುದನ್ನೂ ನೋಡಿ.

ಇನ್ನೊಂದು ಭ್ರಮೆ: ಆ್ಯಕ್ಟಿವ್ ಮಾಡಿದರೆ ಸಿಂಗಲ್ ಕಾಯಿಲ್‌ನ ಗುಂಯ್ ಹೋಗುತ್ತದೆ ಅನ್ನುವುದು. ಹೋಗುವುದಿಲ್ಲ. ಗುಂಯ್ ಹಿಡಿಯುವುದು ಸುರುಳಿ, ಅದು ಪ್ರೀಆಂಪ್‌ಗಿಂತ ಮೊದಲೇ ಕೂತಿದೆ. ಟ್ರೆಬಲ್ ಏರಿಸಿದರೆ ಅದರ ಜೊತೆ ಸುಯ್ ಅನ್ನುವ ಹಿಸ್ ಕೂಡ ಏರುತ್ತದೆ. ಎರಡೂ ಪಿಕಪ್ ಸಮ ಜೋರಿನಲ್ಲಿದ್ದು, ಒಂದು ಇನ್ನೊಂದಕ್ಕೆ ಉಲ್ಟಾ ಸುತ್ತಿದ್ದಾಗಿದ್ದರೆ ಗುಂಯ್ ತಾನಾಗಿ ಸತ್ತುಹೋಗುತ್ತದೆ. ನಿಮ್ಮ ಬ್ಲೆಂಡ್ ನಾಬ್‌ಗೆ ನಡುವೆ ಗಚ್ಚು ಇರುವುದನ್ನೇ ಕೊಳ್ಳಿ, ಆ ಸಮಸ್ಥಾನ ಕೈಗೆ ಸಿಗುತ್ತದೆ.

ಮತ್ತೆ, ಇಷ್ಟೆಲ್ಲ ಮಾಡುವ ಮೊದಲು ತಂತಿ ಹಳತಾಗಿದೆಯೇ ನೋಡಿ. ಸತ್ತ ರೌಂಡ್‌ವೌಂಡ್ (ದುಂಡು ಸರಿಗೆ ಸುತ್ತಿದ) ತಂತಿಗೆ ಯಾವ ಪ್ರೀಆಂಪೂ ಜೀವ ತುಂಬುವುದಿಲ್ಲ. ಕೊನೆಯ ಫ್ರೆಟ್ ಒತ್ತಿ ಹಿಡಿದು ಪಿಕಪ್ ಎತ್ತರ ಅಳೆಯಿರಿ: ದಪ್ಪ ತಂತಿಯ ಕಡೆ ಸುಮಾರು 3 ಮಿ.ಮೀ., ತೆಳು ತಂತಿಯ ಕಡೆ 2.5. ಸ್ಕ್ರೂ ತಿರುಗಿಸುವ ಕೆಲಸ, ಕಾಸಿಲ್ಲ.

---

ಬೆಸುಗೆ ಭಟ್ಟ

ಒಪ್ಪಿದೆ, ಹೆಡ್‌ರೂಮ್ ಅನ್ನಬೇಕಿತ್ತು. ಎರಡು ಬ್ಯಾಟರಿ ಹಾಕೋರಿಗೆ: ಒಂದರ ಕೆಂಪು ಇನ್ನೊಂದರ ಕಪ್ಪಿಗೆ, ಉಳಿದ ಕಪ್ಪು ರಿಂಗ್‌ಗೆ, ಉಳಿದ ಕೆಂಪು ಬೋರ್ಡ್‌ಗೆ. ಕೆಂಪು-ಕೆಂಪು, ಕಪ್ಪು-ಕಪ್ಪು ಸೇರಿಸಿದರೆ ಅದು 9 ವೋಲ್ಟೇ. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದೆರಡು ತಿಂಗಳು ನುಡಿಸಲ್ಲ ಅಂದ್ರೆ ಬ್ಯಾಟರಿ ತೆಗೆದಿಡಿ. ಅಗ್ಗದ ಝಿಂಕ್ ಕಾರ್ಬನ್ ಸೋರಿದರೆ ಕ್ಲಿಪ್ ಹಸಿರುಗಟ್ಟಿ ಬೋರ್ಡ್‌ವರೆಗೂ ಹಬ್ಬತ್ತೆ, ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳಲೇಬೇಡಿ.

---

ದಪ್ಪತಂತಿ

ಎಲ್ಲರಿಗೂ ಥ್ಯಾಂಕ್ಸ್. ಒಂದು ಉಳೀತು: ಪ್ರೀಆಂಪ್ ಹಾಕಿದ ಮೇಲೆ ಜರ್ಮೇನಿಯಂ ಫಝ್ ಹೇಗೆ ವರ್ತಿಸುತ್ತದೆ? ಈಗ ವಾಲ್ಯೂಮ್ ತಗ್ಗಿಸಿದರೆ ಫಝ್ ತಿಳಿಯಾಗುತ್ತದೆ, ಆ ಗುಣ ಬೇಕು.

---

ಸೌಂಡ್‌ಬಾಕ್ಸ್

ಆ ಗುಣ ಆ್ಯಕ್ಟಿವ್‌ನಲ್ಲಿ ಹೋಗುತ್ತದೆ. ಎರಡು ಟ್ರಾನ್ಸಿಸ್ಟರ್‌ನ ಜರ್ಮೇನಿಯಂ ಫಝ್‌ಗೆ ಇನ್‌ಪುಟ್ ಇಂಪೀಡೆನ್ಸ್ ಬಹಳ ಕಡಿಮೆ, ನಿಮ್ಮ ಪಿಕಪ್‌ನ ಸುರುಳಿಯೂ ವಾಲ್ಯೂಮ್ ಪಾಟೂ ಆ ಸರ್ಕ್ಯೂಟಿನ ಭಾಗವೇ ಆಗಿಬಿಡುತ್ತವೆ. ವಾಲ್ಯೂಮ್ ಸ್ವಲ್ಪ ತಗ್ಗಿಸಿದರೂ ನಡುವೆ ಹತ್ತಾರು ಕಿಲೋ ಓಮ್ ಬಂದು ಕೂರುತ್ತದೆ, ಫಝ್ ತಿಳಿಯಾಗುತ್ತದೆ. ಪ್ರೀಆಂಪ್‌ನ ಗಟ್ಟಿ ಔಟ್‌ಪುಟ್ ಸಿಕ್ಕಿದರೆ ಫಝ್ ಮುಖ ಸಿಂಡರಿಸಿಕೊಂಡು ಕಿರಿಕಿರಿ ಮಾಡುತ್ತದೆ, ನಾಬ್ ಎಷ್ಟು ತಗ್ಗಿಸಿದರೂ ಪೂರ್ತಿ ತಿಳಿಯಾಗುವುದಿಲ್ಲ.

ಭಟ್ರು ಹೇಳಿದ ಪ್ಯಾಸಿವ್ ಸ್ವಿಚ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಫಝ್ ಇರುವ ಹಾಡಿಗೆ ಪ್ಯಾಸಿವ್‌ಗೆ ಎಳೆದುಕೊಳ್ಳಿ. ಅದು ಬೇಡ ಅಂದರೆ ಫಝ್‌ನ ಇನ್‌ಪುಟ್‌ನಲ್ಲಿ 10ರಿಂದ 47 ಕಿಲೋ ಓಮ್ ಒಳಗೆ ಒಂದು ರೆಸಿಸ್ಟರ್ ಸರಣಿಯಲ್ಲಿ ಹಾಕಿ, ಅಥವಾ 50 ಕೆ ಪಾಟ್ ಹಾಕಿ ಕಿವಿಯಲ್ಲೇ ಹೊಂದಿಸಿ. ಸುರುಳಿಯ ಇಂಡಕ್ಟೆನ್ಸ್ ಇದರಿಂದ ಬರುವುದಿಲ್ಲ, ಆದರೆ ಕಿರಿಕಿರಿ ಬಹುಪಾಲು ಇಳಿಯುತ್ತದೆ.

ಬೋರ್ಡಿನ ಅನುಕ್ರಮ: ಬೇಸ್, 3 ಮೀಟರ್ ಕೇಬಲ್, ಫಝ್, ಆಮೇಲೆ ಯಾವಾಗಲೂ ಆನ್ ಇರುವ ಬಫರ್ ಅಥವಾ ನಿಮ್ಮ ಕಂಪ್ರೆಸರ್, ಆಮೇಲೆ ಡಿಐ. ಬಫರ್ ಆದ ಮೇಲೆ ಕೇಬಲ್ 10 ಮೀಟರ್ ಇರಲಿ, 15 ಇರಲಿ, ಟ್ರೆಬಲ್‌ಗೆ ಲೆಕ್ಕವಿಲ್ಲ. ಬಫರನ್ನು ಫಝ್‌ಗಿಂತ ಮೊದಲು ಇಟ್ಟರೆ ಆ್ಯಕ್ಟಿವ್ ಬೇಸ್‌ನ ತಕರಾರೇ ಮತ್ತೆ ಬರುತ್ತದೆ. ಡಿಐಯನ್ನು ಬೋರ್ಡಿನ ಪಕ್ಕದಲ್ಲೇ ಇಟ್ಟು, ಅಲ್ಲಿಂದ ಡೆಸ್ಕ್‌ಗೆ (ಮಿಕ್ಸರ್‌ಗೆ) ಎಕ್ಸ್‌ಎಲ್‌ಆರ್, ಅಂದರೆ ಮೈಕ್ ಕೇಬಲ್, ಎಳೆಯಿರಿ. ಮೈಕ್ ಇನ್‌ಪುಟ್, ಲೈನ್ ಅಲ್ಲ. ಪ್ರೀಆಂಪ್ ಇಲ್ಲದೆ ಮೊದಲು ಇಷ್ಟು ಮಾಡಿ ಒಂದು ಕಾರ್ಯಕ್ರಮ ನುಡಿಸಿ ನೋಡಿ. ಆಮೇಲೂ ಬೇಸ್ ಮೇಲೆ ಇಕ್ಯೂ ಬೇಕು ಅನ್ನಿಸಿದರೆ ಬೆಸುಗೆ ಕಡ್ಡಿ ಬಿಸಿಮಾಡಿ.